ಕೆಂಪಿನ ಜಾತಕ

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಯಾವುದಕ್ಕೆ ಬರ ಬಂದರೂ ಕೆಂಪಿಗೆ ಮಾತ್ರ ಬಂದದ್ದಿಲ್ಲ. ಮಳೆ ಕೈಕೊಡುತ್ತದೆ, ಬೋರ್‌ವೆಲ್ಲು ಕೈಕೊಡುತ್ತದೆ, ಬರುತ್ತೇವೆಂದು ಫೋನಿನಲ್ಲಿ ಆಣೆ ಮಾಡಿದ ಬೀಗರು ಊಟ ಆರಿದ ಮೇಲೂ ಬರುವುದಿಲ್ಲ. ಆದರೆ ಬಾದಾಮಿಯ ಗುಡ್ಡ, ಇಳಕಲ್ಲಿನ ಗ್ರಾನೈಟು, ಅದೇ ಊರಿನ ಸೀರೆಯ ಸೆರಗು, ಗುಳೇದಗುಡ್ಡದ ಕುಬಸದ ಖಣ, ಕಲಾದಗಿಯ ದಾಳಿಂಬೆ, ನವನಗರದ ನಮ್ಮ ಓಣಿಯ ಗರಸು, ಕೊನೆಗೆ ನಮ್ಮ ಮನೆಯ ಭರಣಿಯೊಳಗಿನ ಕೆಂಪಿಂಡಿಯವರೆಗೆ ಈ ವರ್ಣ ತನ್ನ ನೌಕರಿಯನ್ನು ಒಂದು ದಿನವೂ ರಜೆ ಹಾಕದೆ ಮಾಡಿಕೊಂಡು ಬಂದಿದೆ. ಇಷ್ಟೊಂದು ರಕ್ತವರ್ಣದ ನಡುವೆ ಹುಟ್ಟಿ, ಅದರ ಮೇಲೇ ಕೂತು, ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿಂದು ದೊಡ್ಡವನಾದ ನಾನು, ಇದೆಲ್ಲ ಕೆಂಪಗೆ ಏಕಿದೆ ಎಂದು ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೂ ನಮ್ಮ ಕಡೆಯ ಉತ್ತರ ಗೊತ್ತೇ ಇದೆಯಲ್ಲ: "ಮೊದಲಿಂದ ಹಂಗ ಐತಿ." ಈ ಉತ್ತರದ ಮುಂದೆ ಯಾವ ಶಾಸ್ತ್ರವೂ ನಿಲ್ಲುವುದಿಲ್ಲ.

ನನಗೆ ಈ ಜಿಜ್ಞಾಸೆ ಅಂಟಿದ್ದು ಅಳಿಯನಿಂದ. ಅಳಿಯನೆಂದರೆ ನನ್ನ ತಂಗಿಯ ಮಗ, ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವನು. ಅವನ ಮಹಾಪ್ರಬಂಧ, ಚಿನ್ನದ ಅಕ್ಷರದ ಕಪ್ಪು ರಟ್ಟು ಹೊತ್ತು, ಒಂದು ಭಾನುವಾರ ನಮ್ಮ ಮನೆಗೆ ಬಂತು. ಹೆಸರು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ, ಸ್ವಲ್ಪ ಉಸಿರು ಬಿಗಿಹಿಡಿಯಿರಿ, 'ಸ್ಫಟಿಕರೂಪಿ ಘನವಸ್ತುಗಳ ಹಾಗೂ ಅರೆವಾಹಕ ನ್ಯಾನೋರಚನೆಗಳ ಸಂರಚನೆ ಮತ್ತು ದ್ಯುತಿಗುಣಗಳು'. ತಂಗಿ ಅದನ್ನು ದೇವರ ಜಗಲಿಯ ಮೇಲಿಟ್ಟು ಅರಿಷಿಣ ಕುಂಕುಮ ಹಚ್ಚಿ ಆಗಿತ್ತು. ನಾನು ತೆರೆದು ನೋಡಿ, ಚಿತ್ರಗಳಿರುವ ಪುಟ ಹುಡುಕಿ, ಅಲ್ಲಿಯೂ ಏರಿಳಿಯುವ ಗೆರೆಗಳೇ ಇರುವುದನ್ನು ಕಂಡು, ಕಾಗದ ಭಾಳ ಛಲೋ ಐತಿ ಎಂದೆ. ಅಳಿಯ ನಕ್ಕು, "ಮಾಮಾ, ಇದು ಓದೂ ಪುಸ್ತಕ ಅಲ್ಲ, ಇಡೂ ಪುಸ್ತಕ" ಎಂದ. ವಿದ್ವಾಂಸರಲ್ಲಿ ಇಂಥ ವಿನಯ ಅಪರೂಪ. ನಮ್ಮ ಕಡೆಯ ಕೆಲವು ಕವಿಗಳು ಇವನ ಕೈಯಲ್ಲಿ ಒಂದು ವಾರ ಕಲಿಯಬಹುದು.

ಆದರೂ ಹುಡುಗ ಬಿಡಲಿಲ್ಲ, ತಿಳಿಸಿ ಹೇಳಿದ. ಸ್ಫಟಿಕವೆಂದರೆ ಏನು? ಮಠದ ಪಂಕ್ತಿಯಲ್ಲಿ ಊಟಕ್ಕೆ ಕೂತ ಜನ. ಒಬ್ಬರಿಂದ ಒಬ್ಬರಿಗೆ ಇಷ್ಟೇ ಅಂತರ, ಸಾಲಿನಿಂದ ಸಾಲಿಗೆ ಇಷ್ಟೇ ಜಾಗ, ಹೋಳಿಗೆ ಬಡಿಸುವವನು ಕಣ್ಣು ಮುಚ್ಚಿ ನಡೆದರೂ ಮುಂದಿನ ಎಲೆ ಎಲ್ಲಿದೆ ಎಂದು ತಪ್ಪಬಾರದು. ಅಣುಗಳು ಹಾಗೆ ಕೂತರೆ ಸ್ಫಟಿಕ. ಅದೇ ಜನ ಊಟ ಮುಗಿಸಿ ಚಪ್ಪಲಿ ಹುಡುಕಲು ಎದ್ದ ಗಳಿಗೆಯ ಸ್ಥಿತಿ ಗಾಜು. ನಾವು ಪಲ್ಯಕ್ಕೆ ಹಾಕುವ ಉಪ್ಪಿನ ಹರಳಿನೊಳಗೆ ಪಂಕ್ತಿ ಹೇಗೆ ಕೂತಿದೆ ಎಂಬುದು ಗೊತ್ತಾಗಲು 1913ರವರೆಗೆ ಕಾಯಬೇಕಾಯಿತು. ಅದರ ಹಿಂದಿನ ವರ್ಷ ಜರ್ಮನಿಯಲ್ಲಿ ಲಾವೆ ಎಂಬವನ ಸೂಚನೆಯಂತೆ ಸ್ಫಟಿಕದ ಮೂಲಕ ಎಕ್ಸ್-ಕಿರಣ ಹಾಯಿಸಿದಾಗ ಫೋಟೋ ತಟ್ಟೆಯ ಮೇಲೆ ಚುಕ್ಕಿಗಳು ಮೂಡಿದವು. ಇಂಗ್ಲೆಂಡಿನ ಬ್ರಾಗ್ ತಂದೆ ಮಗ ಆ ಚುಕ್ಕಿಗಳ ಲೆಕ್ಕ ಬಿಡಿಸಿ ಉಪ್ಪಿನ ಒಳಮನೆಯ ನಕ್ಷೆ ತೆಗೆದರು. 1915ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ಮಗನಿಗೆ ಆಗ 25 ವರ್ಷ. ನಮ್ಮಲ್ಲಿ ಅಪ್ಪ ಮಗ ಕೂಡಿ ಒಂದು ಹೊಲದ ಬದುವಿನ ಲೆಕ್ಕ ಬಿಡಿಸಿದ್ದನ್ನು ನಾನಂತೂ ಕಂಡಿಲ್ಲ.

ಅಳಿಯನ ಸ್ವಂತ ಸಾಧನೆ ಬೇರೆ. ಅವನು ಜಿಂಕ್ ಆಕ್ಸೈಡಿನ ಪುಡಿ ತಯಾರಿಸುತ್ತಿದ್ದ. ತಯಾರಿಸುವ ಬಗೆ ಕೇಳಿ ನನ್ನ ಹೆಂಡತಿಗೆ ಬಹಳ ಸಂತೋಷವಾಯಿತು, ಯಾಕೆಂದರೆ ಅದರ ಅರ್ಧ ಸಾಮಾನು ನಮ್ಮ ಹೊಲದ ಗೋದಾಮಿನಲ್ಲೇ ಇದೆ. ಲೋಹದ ನೈಟ್ರೇಟು, ಜೊತೆಗೆ ಯೂರಿಯಾ, ಎರಡನ್ನೂ ನೀರಿನಲ್ಲಿ ಕದಡಿ ಗಾಜಿನ ಬಟ್ಟಲಿಗೆ ಹಾಕಿ, 500 ಡಿಗ್ರಿಯ ಹತ್ತಿರ ಕಾದ ಕುಲುಮೆಯೊಳಗೆ ಇಡುವುದು. ನೀರು ಕುದಿದು ಆರುತ್ತದೆ, ಉಳಿದದ್ದು ನೊರೆನೊರೆಯಾಗಿ ಉಬ್ಬುತ್ತದೆ, ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಕೆಲವೇ ನಿಮಿಷ, ಆಮೇಲೆ ಬಟ್ಟಲು ತುಂಬ ಊದಿದರೆ ಹಾರುವಂಥ ಹಗುರವಾದ ಪುಡಿ. ಈ ವಿದ್ಯೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು ತಮ್ಮ ಶಿಷ್ಯ ಕಿಂಗ್ಸ್‌ಲಿ ಜೊತೆಗೂಡಿ 1988ರಲ್ಲಿ ಪ್ರಕಟಿಸಿದರು. ಅವರು ಮೊದಲು ಮಾಡಿದ್ದು ಅಲ್ಯುಮಿನಾ. ಇವತ್ತು ಲಕ್ಷಾಂತರ ರೂಪಾಯಿಯ ನಿರ್ವಾತ ಯಂತ್ರ ಕೊಳ್ಳಲಾಗದ ಸಣ್ಣ ಊರಿನ ಕಾಲೇಜುಗಳಲ್ಲಿಯೂ ಹುಡುಗರು ನ್ಯಾನೋ ಪುಡಿ ಮಾಡುತ್ತಿದ್ದರೆ ಅದಕ್ಕೆ ಈ ಯೂರಿಯಾ ಬೆಂಕಿಯೂ ಒಂದು ಕಾರಣ. ದೊಡ್ಡ ಲ್ಯಾಬುಗಳವರು ಇದನ್ನು ಸ್ವಲ್ಪ ಹಗುರವಾಗಿ ಮಾತಾಡುತ್ತಾರಂತೆ. ಆಡಲಿ. ಒಲೆ ಹೊತ್ತಿಸಲು ಬರದವರು ಅಡುಗೆಯ ಬಗ್ಗೆ ಆಡುವ ಮಾತಿಗೆ ನಾನು ಮೊದಲಿಂದಲೂ ಕಿವಿಗೊಟ್ಟವನಲ್ಲ.

ಪುಡಿಯಾದ ಮೇಲೆ ಅದರ ಕಣ ಎಷ್ಟು ಸಣ್ಣದೆಂದು ನೋಡಬೇಕಲ್ಲ, ಅದಕ್ಕೆ ಮತ್ತೆ ಎಕ್ಸ್-ಕಿರಣ. ಪಂಕ್ತಿ ಉದ್ದವಾಗಿದ್ದರೆ ಕಾಗದದ ಮೇಲೆ ಮೂಡುವ ಶಿಖರಗಳು ಚೂಪಾಗಿರುತ್ತವೆ. ಕಣ ಸಣ್ಣದಾದಷ್ಟೂ ಶಿಖರ ಅಗಲವಾಗಿ ಕುಳ್ಳಾಗುತ್ತದೆ. ಆ ಅಗಲ ಅಳೆದು ಕಣದ ಗಾತ್ರ ಹೇಳುವ ಸೂತ್ರವನ್ನು ಷೆರರ್ 1918ರಲ್ಲಿ ಕೊಟ್ಟ. ದೇಶದ ಎಷ್ಟೋ ಪಿಎಚ್‌.ಡಿ.ಗಳು ಆ ಒಂದು ಸಾಲಿನ ಸೂತ್ರದ ನೆರಳಲ್ಲಿ ಬದುಕಿವೆ ಎಂದು ಅಳಿಯನೇ ಹೇಳಿದ್ದು. ನಾನು ಹೇಳಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದಿರಿ.

ಈಗ ಬಾದಾಮಿಗೆ ಬರೋಣ. ಬಾದಾಮಿಗೆ ನಾವು ಬರುವುದು ಯಾವಾಗಲೂ ಬೇರೆಯವರಿಗಾಗಿ. ಬೆಂಗಳೂರಿನ ನೆಂಟರು ಬಂದರೆ ಬನಶಂಕರಿ, ಗುಹೆ, ಪಟ್ಟದಕಲ್ಲು, ಐಹೊಳೆ ತೋರಿಸುವುದು ಈ ಭಾಗದ ಗೃಹಸ್ಥರ ನಿತ್ಯಕರ್ಮ. ಹಾಗೊಂದು ಸಲ ಮೂರನೆಯ ಗುಹೆಯಲ್ಲಿ, ಅಂದರೆ ಕ್ರಿ.ಶ. 578ರಲ್ಲಿ ಮಂಗಳೇಶ ಕೊರೆಸಿದ ಆ ಭವ್ಯ ವಿಷ್ಣುಗೃಹದಲ್ಲಿ, ನೆಂಟರು ಒಂದೊಂದು ಮೂರ್ತಿಯ ಮುಂದೆಯೂ ನಿಂತು ಮೂರ್ತಿ ಕಾಣದಂತೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ, ನಾನು ಹೊರಗಿನ ಬಂಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಅಳಿಯ ಬಂದು, "ಮಾಮಾ, ನೀವು ಸೆಮಿಕಂಡಕ್ಟರಿಗೆ ಆನಿಸಿಕೊಂಡು ನಿಂತೀರಿ" ಎಂದ. ಕಂಡಕ್ಟರು, ಸೆಮಿಕಂಡಕ್ಟರು, ಯಾವುದೇ ಇರಲಿ, ಕರೆಂಟಿನ ಸಂಬಂಧದ ಮಾತು ಕಿವಿಗೆ ಬಿದ್ದರೆ ಛಂಗನೆ ಜಿಗಿಯುವುದು ನನ್ನ ವಂಶದ ಗುಣ. ಜಿಗಿದೆ. ನೋಡಿದರೆ ಬಿಳಿ ಅಂಗಿಯ ಬೆನ್ನೆಲ್ಲ ಕೆಂಪು. ಹೆಂಡತಿ ಅಂಗಿಯನ್ನು ನೋಡಿದ ನೋಟದ ಬಗ್ಗೆ ಪ್ರತ್ಯೇಕ ಪ್ರಬಂಧ ಬರೆಯಬಹುದು, ಇಲ್ಲಿ ಜಾಗವಿಲ್ಲ.

ಆ ಕೆಂಪು ಧೂಳೇ ಸೆಮಿಕಂಡಕ್ಟರು. ಬಾದಾಮಿಯ ಕಲ್ಲು ಮರಳುಗಲ್ಲು. ಒಂದೊಂದು ಕಣವೂ ಸಣ್ಣ ಬೆಣಚು, ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಸ್ಫಟಿಕ, ಸ್ವತಃ ನೀರಿನಷ್ಟು ನಿರ್ವರ್ಣ. ಆ ಕಣಗಳ ಮೈಗೆ ಲೇಪವಾಗಿ ಕೂತಿರುವುದು ಹೆಮಟೈಟು, ಕಬ್ಬಿಣದ ಆಕ್ಸೈಡು. ಇಡೀ ಬಂಡೆಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಇದ್ದರೂ ಸಾಕು, ಗುಡ್ಡಕ್ಕೆ ಗುಡ್ಡವೇ ಕೆಂಪಾಗುತ್ತದೆ. ಹೆಮಟೈಟು ಅರೆವಾಹಕ. ಅರೆವಾಹಕದೊಳಗಿನ ಇಲೆಕ್ಟ್ರಾನು ತಾನು ಕೂತ ಮಟ್ಟದಿಂದ ಮೇಲಿನ ಮಟ್ಟಕ್ಕೆ ಏರಬೇಕಾದರೆ ಇಂತಿಷ್ಟು ಶಕ್ತಿ ಬೇಕೇ ಬೇಕು, ಒಂದು ಬಿಡಿಗಾಸು ಕಡಿಮೆಯಾದರೂ ಪ್ರವೇಶವಿಲ್ಲ. ಹೆಮಟೈಟಿನ ಆ ದರ ಸುಮಾರು 2.1 ಇಲೆಕ್ಟ್ರಾನ್‌ವೋಲ್ಟು. ನೀಲಿ, ಹಸಿರು ಬೆಳಕಿನ ಜೇಬಿನಲ್ಲಿ ಅದಕ್ಕಿಂತ ಹೆಚ್ಚಿದೆ, ಆದ್ದರಿಂದ ಅವನ್ನು ಕಲ್ಲು ನುಂಗುತ್ತದೆ. ಕೆಂಪು ಬಡವ, ಅವನಿಂದ ಕೊಡಲಾಗುವುದಿಲ್ಲ, ಅವನನ್ನು ವಾಪಸು ಕಳಿಸುತ್ತದೆ. ಹಾಗೆ ವಾಪಸು ಬಂದ ಬಡ ಬೆಳಕನ್ನು ನೋಡಿ ನಾವು ಆಹಾ ಬಾದಾಮಿ ಎನ್ನುತ್ತೇವೆ. ಸಂಜೆಯ ಸೂರ್ಯನ ಬೆಳಕಿನಲ್ಲಿ ನೀಲಿ ಮೊದಲೇ ಸೋರಿಹೋಗಿ ಕೆಂಪಿನ ಪಾಲು ಹೆಚ್ಚಿರುವುದರಿಂದ ಆಗ ಗುಡ್ಡ ಹೊತ್ತಿ ಉರಿಯುವ ಹಾಗೆ ಕಾಣುತ್ತದೆ. ಮಂಗಳೇಶನ ಗುಹೆಗೂ ಮಂಗಳ ಗ್ರಹಕ್ಕೂ ಈ ವಿಷಯದಲ್ಲಿ ದಾಯಾದಿ ಸಂಬಂಧ. ಅಲ್ಲಿಯ ಕೆಂಪೂ ಕಬ್ಬಿಣದ ತುಕ್ಕಿನದೇ.

ಇನ್ನೊಂದು ತಮಾಷೆಯಿದೆ. ಸಂಡೂರಿನ ಗಣಿಯಿಂದ ಬರುವ ಅದಿರೂ ಇದೇ ಹೆಮಟೈಟು. ಆದರೆ ಒಳ್ಳೆಯ ಗಟ್ಟಿ ಅದಿರಿನ ತುಂಡು ಕೈಗೆತ್ತಿಕೊಂಡು ನೋಡಿ, ಉಕ್ಕಿನ ಬೂದು, ಹೆಚ್ಚೆಂದರೆ ಕಪ್ಪು. ಅದನ್ನು ಬಿಳಿ ಪಿಂಗಾಣಿಯ ಒರಟು ಬೆನ್ನಿಗೆ ಎಳೆದರೆ ಗೆರೆ ಮಾತ್ರ ಅಪ್ಪಟ ಕೆಂಪು. ಪದಾರ್ಥ ಒಂದೇ, ಪಂಕ್ತಿ ಒಂದೇ, ಕಣ ಸಣ್ಣದಾದ ಕೂಡಲೇ ಬಣ್ಣ ಬದಲು! ದಪ್ಪ ಹರಳಿನೊಳಗೆ ಹೊಕ್ಕ ಬೆಳಕು ಕೆಂಪನ್ನೂ ಸೇರಿಸಿ ಕಳೆದುಹೋಗುತ್ತದೆ. ಸಣ್ಣ ಕಣವಾದರೆ ಕೆಂಪು ಅದನ್ನು ದಾಟಿ, ಚದುರಿ, ಹೊರಗೆ ಬರುತ್ತದೆ. ಈ ಗುಟ್ಟು ಬಾದಾಮಿಯ ಹತ್ತಿರದ ಸಿಡಿಲಫಡಿಯ ಕಲ್ಲಾಸರೆಯಲ್ಲಿ ಚಿತ್ರ ಬರೆದ ಆದಿಮಾನವರಿಗೂ ಗೊತ್ತಿತ್ತು, ಅವರು ಕಲ್ಲನ್ನು ನುಣ್ಣಗೆ ಅರೆದೇ ಬಳಿದರು. ನನ್ನ ಅಜ್ಜಿಗೂ ಗೊತ್ತಿತ್ತು. ದೀಪಾವಳಿಗೆ ಮನೆ ಸಾರಿಸುವಾಗ ಗೋಡೆಗೆ ಸುಣ್ಣ, ಬುಡಕ್ಕೆ ಹುರಮಂಜಿಯ, ಅಂದರೆ ಕೆಂಪು ಮಣ್ಣಿನ, ಪಟ್ಟಿ. ಹುರಮಂಜಿಯ ಹೆಂಟೆಯನ್ನು ನೀರಿನಲ್ಲಿ ನೆನೆಹಾಕಿ, ಹಳೆಯ ಪಂಚೆಯಲ್ಲಿ ಸೋಸಿ, ತಳದಲ್ಲಿ ಉಳಿದ ಗಸಿಯನ್ನು ಚೆಲ್ಲಿ, ಮೇಲಿನ ತಿಳಿಯಲ್ಲಿ ತೇಲುವ ನುಣುಪನ್ನಷ್ಟೇ ಇಳಿಸಿಕೊಳ್ಳುತ್ತಿದ್ದಳು. ಅವಸರ ಮಾಡಿ ಗಸಿಯಲ್ಲೇ ಕೈ ಅದ್ದಿದ ನನಗೆ, "ಅದು ಬಣ್ಣ ಹಿಡಿಯೂದಿಲ್ಲೋ, ಮ್ಯಾಗಿಂದು ತಗೋ" ಎಂದು ಕೈಮೇಲೆ ಏಟು. ಕಣದ ಗಾತ್ರದ ಮೇಲೆ ವರ್ಣದ ಅವಲಂಬನೆ ಎಂಬ ಅಧ್ಯಾಯವನ್ನು ನಾನು ಹೀಗೆ ಮುಂಗೈಯ ಮೇಲೆ ಕಲಿತಿದ್ದೆ. ಸರ್ಟಿಫಿಕೇಟು ಮಾತ್ರ ಸಿಗಲಿಲ್ಲ.

ಅಜ್ಜಿಯ ನೆನಪು ಬಂದ ಮೇಲೆ ಬೆಣಚುಕಲ್ಲಿನ ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ತಾವೂ ಕೂತಿದ್ದೀರಿ, ಚಹಾ ಬರುವುದು ತಡವಿದೆ. ಚಿಕ್ಕವರಿದ್ದಾಗ ಹೊಲದ ಬದುವಿನಿಂದ ಬೆಳ್ಳನೆಯ ಎರಡು ಬೆಣಚುಕಲ್ಲು ಆರಿಸಿ ತಂದು, ರಾತ್ರಿ ಕಂಬಳಿಯೊಳಗೆ ಹೊಕ್ಕು, ಒಂದಕ್ಕೊಂದು ಬಲವಾಗಿ ತಿಕ್ಕುವುದು ನಮ್ಮ ಮುಖ್ಯ ಉದ್ಯೋಗವಾಗಿತ್ತು. ಕಲ್ಲಿನ ಒಳಗೇ, ತಿಕ್ಕಿದ ಜಾಗದ ಸುತ್ತ, ಒಂದು ಮಸುಕು ಕೇಸರಿ ಬೆಳಕು ಮಿಣಕ್ಕೆನ್ನುತ್ತಿತ್ತು. ಜೊತೆಗೆ ಕೂದಲು ಸುಟ್ಟಂಥ ವಾಸನೆ. ಅಜ್ಜಿ ಹೊರಗಿನಿಂದ, "ಕಂಬಳಿ ಸುಟ್ಟಗಿಟ್ಟೀರಿ, ಹೊರಗ ಬರ್ರಿ" ಎನ್ನುತ್ತಿದ್ದಳು. ಕಂಬಳಿ ಸುಡುವುದಿಲ್ಲ ಅಜ್ಜಿ, ಆ ಬೆಳಕು ಬೆಂಕಿಯದಲ್ಲ, ಆ ಕಲ್ಲುಗಳನ್ನು ನೀರಿನೊಳಗೆ ಮುಳುಗಿಸಿ ತಿಕ್ಕಿದರೂ ಬರುತ್ತದೆ ಎಂದು ಹೇಳುವಷ್ಟು ತಿಳುವಳಿಕೆ ಬರುವ ಹೊತ್ತಿಗೆ ಹೇಳಿಸಿಕೊಳ್ಳುವವರು ಇರಲಿಲ್ಲ. ಘನವಸ್ತುವನ್ನು ಉಜ್ಜಿದಾಗ, ಮುರಿದಾಗ ಹೊಮ್ಮುವ ಬೆಳಕು ಇದು. ಕಲ್ಲುಸಕ್ಕರೆಯನ್ನು ಕಗ್ಗತ್ತಲಲ್ಲಿ ಕಡಿದರೂ ಕಾಣುತ್ತದೆ, ಅಲ್ಲಿ ನೀಲಿ ಛಾಯೆ. ಹರಳು ಬಿರಿದಾಗ ಧನ ಋಣ ವಿದ್ಯುತ್ತು ಅಗಲಿ ಗಾಳಿಯಲ್ಲಿ ಹುಟ್ಟುವ ಅತಿ ಚಿಕ್ಕ ಮಿಂಚು ಅದು. ಸಕ್ಕರೆಯ ಈ ಕಿಡಿಯನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 1620ರಲ್ಲೇ ಬರೆದಿಟ್ಟಿದ್ದಾನೆ. ಡಾಕ್ಟರರು ಸಕ್ಕರೆ ಬಿಡಿ ಎಂದ ಮೇಲೆ ನಾನು ಈ ಪ್ರಯೋಗವನ್ನು ಕೇವಲ ವಿಜ್ಞಾನದ ದೃಷ್ಟಿಯಿಂದ, ರಾತ್ರಿ ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯಲ್ಲಿ ಮಾಡುತ್ತಿರುತ್ತೇನೆ.

ಇಳಕಲ್ಲಿನ ಕಲ್ಲಿನ ಜಾತಕ ಬಾದಾಮಿಯದಕ್ಕಿಂತ ಹಳೆಯದು. ಆ ಗ್ರಾನೈಟು ಭೂಮಿಯ ಆಳದಲ್ಲಿ ಕರಗಿದ ಶಿಲೆ ಆರಿ ಗಟ್ಟಿಯಾದದ್ದು, ಸುಮಾರು 250 ಕೋಟಿ ವರ್ಷದ ಹಿಂದೆ. ಆಳದಲ್ಲಿ ಅವಸರವಿಲ್ಲ, ನಿಧಾನ ಆರಿತು, ಆದ್ದರಿಂದ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಅಂಥ ಹಳೆಯ ಶಿಲೆಗಳು ಸವೆದು, ಕೊಚ್ಚಿ, ಮರಳಾಗಿ, ಎಷ್ಟೋ ಕಾಲದ ಮೇಲೆ ಮತ್ತೆ ಕಲ್ಲಾದದ್ದು ಬಾದಾಮಿಯ ಗುಡ್ಡ. ಈ ಪದರುಗಳ ಸಮೂಹಕ್ಕೆ ಭೂವಿಜ್ಞಾನಿಗಳು ಕಲಾದಗಿ ಎಂದೇ ಹೆಸರಿಟ್ಟಿದ್ದಾರೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ದೊರೆ ಈ ಸೀಮೆಯನ್ನೆಲ್ಲ ಸುತ್ತಿ 1876ರಲ್ಲಿ ದೊಡ್ಡ ವರದಿ ಬರೆದಾಗ ಕಲಾದಗಿ ಜಿಲ್ಲಾ ಕೇಂದ್ರ. ಈಗ ಅದು ಚಿಕ್ಕುಹಣ್ಣು, ದಾಳಿಂಬೆಗೆ ಹೆಸರಾದ ಊರು. ಜಿಲ್ಲೆಯ ದರ್ಬಾರು ಹೋದರೂ ಭೂವಿಜ್ಞಾನದ ಪುಸ್ತಕಗಳಲ್ಲಿ ಕಲಾದಗಿಯ ಖುರ್ಚಿ ಅಲುಗಿಲ್ಲ.

ಇಳಕಲ್ಲಿನ ಕ್ವಾರಿಯಲ್ಲಿ ಒಂದು ನೋಟ ನೋಡಬೇಕು. ಹೊರ ರಾಜ್ಯದ ವ್ಯಾಪಾರಿ ಬಂದು ಆಳೆತ್ತರದ ಬ್ಲಾಕಿನ ಮುಂದೆ ನಿಲ್ಲುತ್ತಾನೆ. ಆಗಷ್ಟೇ ಕೊಯ್ದ ಕಲ್ಲು, ಮೈತುಂಬ ಧೂಳು, ಬಣ್ಣ ಯಾವುದೆಂದು ಬ್ರಹ್ಮನಿಗೂ ಹೇಳಲು ಬಾರದ ಬೂದು. ಅವನು ಕಲ್ಲಿನ ಕುಲಗೋತ್ರ ಕೇಳುವುದಿಲ್ಲ, ಕೊಡ ನೀರು ತರಿಸಿ ಸುರಿಯುತ್ತಾನೆ. ನೀರು ಇಳಿದ ದಾರಿಯಲ್ಲೆಲ್ಲ ಕಲ್ಲು ಗಪ್ಪನೆ ಕೆಂಪಾಗುತ್ತದೆ. ಕೆಂಪು ಹರಳಿನ ಮಧ್ಯೆ ಬೂದು ಬೆಣಚು, ಕರಿಯ ಅಭ್ರಕದ ಚುಕ್ಕೆ, ಅಲ್ಲೊಂದು ಇಲ್ಲೊಂದು ನುಣುಪು ಮುಖ ಬಿಸಿಲಿಗೆ ಫಳಕ್ಕೆನ್ನುತ್ತದೆ. ನೀರು ಆರುವುದರೊಳಗೆ ವ್ಯಾಪಾರ ಮುಗಿಯಬೇಕು. ಅಳಿಯನ ಶಾಸ್ತ್ರದ ಪ್ರಕಾರ ನಡೆದದ್ದು ಇಷ್ಟು: ಒರಟು ಮೈ ಬೆಳಕನ್ನೆಲ್ಲ ಮೇಲಿಂದ ಮೇಲೇ ಬಿಳಿಯಾಗಿ ಚೆಲ್ಲಾಡುತ್ತಿತ್ತು, ಗುಣಿಗಳಲ್ಲಿ ನೀರು ತುಂಬಿಕೊಂಡಾಗ ಬೆಳಕು ಒಳಗೆ ಹೊಕ್ಕು, ಹರಳಿನ ಬಣ್ಣ ಹೊತ್ತುಕೊಂಡು ಬಂತು. ಪಾಲಿಶ್ ಮಾಡುವುದೆಂದರೆ ಈ ಒದ್ದೆತನವನ್ನು ಶಾಶ್ವತ ಮಾಡುವುದು. ಮತ್ತೆ ಆ ಕೆಂಪು ಹರಳು ಫೆಲ್ಡ್‌ಸ್ಪಾರು, ತನ್ನಷ್ಟಕ್ಕೆ ಬಿಳಿಯದೇ. ಅದರ ಒಡಲೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹೆಮಟೈಟ್ ಕಣಗಳು ಸೇರಿಕೊಂಡಿರುವುದರಿಂದ ಈ ರಂಗು. ಬಾದಾಮಿಯಲ್ಲಿ ಹೊರಗಿನ ಲೇಪ, ಇಳಕಲ್ಲಿನಲ್ಲಿ ಒಳಗಿನ ಗರ್ಭ, ಆಸಾಮಿ ಒಬ್ಬನೇ.

ಹುನಗುಂದ ದಾಟಿ ಕೂಡಲಸಂಗಮಕ್ಕೆ ಬಂದರೆ ಮಲಪ್ರಭೆ ಬಾದಾಮಿ ಸೀಮೆಯ ಮರಳನ್ನು ತಂದು ಕೃಷ್ಣೆಗೆ ಒಪ್ಪಿಸುವ ಜಾಗ. ಇಲ್ಲಿ ಅಳಿಯನಿಗೆ ನಾನು ಒಂದು ಪಾಠ ಹೇಳಿದೆ, ಯಾವಾಗಲೂ ಅವನೇ ಏಕೆ ಹೇಳಬೇಕು. ಮಾತು ಹೇಗಿರಬೇಕು ಎಂದು ತಿಳಿಸಲು ಬಸವಣ್ಣನವರು ಕರೆದು ನಿಲ್ಲಿಸಿದ ಸಾಕ್ಷಿಗಳು ಯಾರು? ಮುತ್ತಿನ ಹಾರ, ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ. ಮೂರೂ ನಿನ್ನ ಸಿಲಬಸ್ಸಿನವೇ ಅಲ್ಲವೇನೋ! ಹುಡುಗ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಹೊಳೆಯ ನೀರು ನೋಡುತ್ತ, "ಮಾಮಾ, ಬೆಳಕಿನ ಮಾತು ಮಾಣಿಕ್ಯಕ್ಕಷ್ಟ ಹಚ್ಚ್ಯಾರ, ನೋಡ್ರಿ" ಎಂದ. ಹೌದು. ಮುತ್ತು ಸುಣ್ಣದ ತೆಳು ಹಾಳೆಗಳ ಪೇರಿಕೆ, ಒಂದೊಂದು ಹಾಳೆ ಸುಮಾರು ಅರ್ಧ ಮೈಕ್ರಾನು, ಹೊರಗಿನ ಬೆಳಕನ್ನೇ ಹಾಳೆ ಹಾಳೆಯಿಂದ ಮರಳಿಸಿ ಮಿರುಗುತ್ತದೆ. ಸ್ಫಟಿಕ ಬೆಳಕನ್ನು ಹಾಯಗೊಡುತ್ತದೆ. ಮಾಣಿಕ್ಯ ಮಾತ್ರ, ತನ್ನ ಅಲ್ಯುಮಿನಿಯಮ್ ಪಂಕ್ತಿಯಲ್ಲಿ ಅಲ್ಲಲ್ಲಿ ಬಂದು ಕೂತ ಕ್ರೋಮಿಯಮ್ಮಿನ ದೆಸೆಯಿಂದ, ಹಸಿರು ನೇರಳೆಗಳನ್ನು ನುಂಗಿ ತಾನೇ ಕೆಂಪಾಗಿ ಬೆಳಗುತ್ತದೆ. 1960ರಲ್ಲಿ ಮೈಮನ್ ಜಗತ್ತಿನ ಮೊದಲ ಲೇಸರ್ ಹೊತ್ತಿಸಿದ್ದೂ ಮಾಣಿಕ್ಯದ ಸರಳಿನಿಂದಲೇ. 12ನೆಯ ಶತಮಾನದವರು ಇದನ್ನೆಲ್ಲ ತಿಳಿದಿದ್ದರೆಂದು ನಾನು ಹೇಳಿದರೆ ನೀವು ನನ್ನನ್ನು ಕಟ್ಟೆಯಿಂದ ಇಳಿಸಬೇಕು. ಅವರಿಗೆ ನೋಡುವ ಕಣ್ಣು ಇತ್ತು ಎಂದಷ್ಟೇ ನನ್ನ ವಾದ.

ಕಣ್ಣು ಎಂದಾಗ ರಾಮನ್ನರನ್ನು ಬಿಡುವಂತಿಲ್ಲ. ತಮ್ಮ ಪರಿಣಾಮವನ್ನು ಅವರು ವಿಸ್ತಾರವಾಗಿ ಬಣ್ಣಿಸಿದ ಭಾಷಣ ನಡೆದದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು. ನೊಬೆಲ್ ಬಂದು ವರ್ಷಗಳಾದ ಮೇಲೂ ಅವರು ಮುತ್ತು, ಓಪಲ್, ಮಿರುಗುವ ಫೆಲ್ಡ್‌ಸ್ಪಾರು, ವಜ್ರ ಎಂದು ಹರಳುಗಳ ಹಿಂದೆ ಬಿದ್ದು, 1950ರ ದಶಕದಲ್ಲಿ 'ಇಂಥದರ ರಚನೆ ಮತ್ತು ದ್ಯುತಿವರ್ತನೆ' ಎಂಬ ಧಾಟಿಯ ತಲೆಬರಹ ಕೊಟ್ಟು ಪ್ರಬಂಧದ ಮೇಲೆ ಪ್ರಬಂಧ ಬರೆದರು. ಅಳಿಯನ ರಟ್ಟಿನ ಮೇಲಿನ ಹೆಸರಿಗೆ ನಾನು ನಕ್ಕಿದ್ದೆನಲ್ಲ, ಅದರ ಮನೆತನ ದೊಡ್ಡದು.

ಇನ್ನು ನ್ಯಾನೋರಚನೆ. ಇದು ಸ್ವಲ್ಪ ಕಠಿಣ, ಆದರೆ ಇಲ್ಲಿಯವರೆಗೆ ಬಂದವರು ಓಡಿಹೋಗುವುದಿಲ್ಲ ಎಂಬ ಧೈರ್ಯ ನನಗಿದೆ. ಹೆಮಟೈಟಿನ ಪುಡಿಯಲ್ಲಿ ಕಣ ಸಣ್ಣದಾದಾಗ ಬದಲಾದದ್ದು ಬೆಳಕು ಹೊಕ್ಕು ಹೊರಡುವ ದಾರಿ; ಇಲೆಕ್ಟ್ರಾನಿನ ಪ್ರವೇಶದರ ಹಾಗೇ ಇತ್ತು. ಆದರೆ ಕೆಲವು ಅರೆವಾಹಕಗಳನ್ನು ಕೆಲವೇ ನ್ಯಾನೋಮೀಟರಿಗೆ, ಅಂದರೆ ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲಿಗೆ ಇಳಿಸಿದರೆ, ಇಲೆಕ್ಟ್ರಾನಿಗೆ ಕೈಕಾಲು ಚಾಚಲು ಜಾಗ ಸಾಲದೆ ದರವೇ ಏರಿಬಿಡುತ್ತದೆ. ಕ್ಯಾಡ್ಮಿಯಮ್ ಸೆಲೆನೈಡಿನ ಸುಮಾರು 6 ನ್ಯಾನೋಮೀಟರಿನ ಕಣ ಕೆಂಪಾಗಿ ಹೊಳೆದರೆ 2 ನ್ಯಾನೋಮೀಟರಿನದು ನೀಲಿ. ಬಣ್ಣ ಬೆರೆಸಿದ್ದಿಲ್ಲ, ಬಳಿದದ್ದಿಲ್ಲ, ಬರೀ ಅಳತೆ. ಇದಕ್ಕಾಗಿ ಎಕಿಮೊವ್, ಬ್ರೂಸ್, ಬಾವೆಂಡಿ ಎಂಬ ಮೂವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಎಕಿಮೊವ್ ಶುರು ಮಾಡಿದ್ದು ಬಣ್ಣದ ಗಾಜಿನಿಂದ. ಈಗ ಇಂಥ ಕಣಗಳು ನಮ್ಮ ಓಣಿಯ ಶ್ರೀಮಂತರ ಟೀವಿಯೊಳಗೆ ಕೂತು ಧಾರಾವಾಹಿಯ ಅತ್ತೆಯರ ಸೀರೆಗೆ ಇಲ್ಲದ ರಂಗು ಕೊಡುತ್ತಿವೆ.

ನಿಜವಾದ ಸೀರೆಯ ಮಾತು ಬೇರೆ, ಮತ್ತು ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಬರಬೇಕೆಂದಿದ್ದದ್ದು ಇಲ್ಲಿಗೇ. ಸೀರೆಗಿಂತ ಮೊದಲು ಅದನ್ನು ತೋರಿಸುವ ಬೆಳಕಿನ ಮಾತು. ಬಲ್ಬುಗಳ ಕಥೆ ನಿಮಗೆ ಗೊತ್ತು. 2015ರ ಉಜಾಲಾ ಯೋಜನೆ ಬಂದ ಮೇಲೆ ಎಲ್ಲರ ಮನೆಗೂ ಎಲ್‌ಇಡಿ ಬಂತು, ಹಳೆಯ ಗುಂಡು ಬಲ್ಬು ಅಟ್ಟ ಸೇರಿತು. ಎಲ್‌ಇಡಿಯೊಳಗೆ ಗ್ಯಾಲಿಯಮ್ ನೈಟ್ರೈಡಿನ ಹರಳು, ಅದರ ನಡುವೆ ಎರಡು ಮೂರು ನ್ಯಾನೋಮೀಟರು ದಪ್ಪದ ಇಂಡಿಯಮ್ ಬೆರೆತ ಪದರು. ಬೆಳಕು ಹುಟ್ಟುವುದು ಆ ಪದರಿನಲ್ಲಿ, ಅದೂ ನೀಲಿ. ಈ ನೀಲಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್. ಅದರ ಮೇಲೆ ಹಳದಿ ಬೆಳಕು ಸೂಸುವ ಪುಡಿ ಬಳಿದಿರುತ್ತಾರೆ; ನೀಲಿ ಹಳದಿ ಕೂಡಿ ನಮ್ಮ ಕಣ್ಣಿಗೆ ಬಿಳಿ ಎನಿಸುತ್ತದೆ. ಎನಿಸುತ್ತದೆ ಅಷ್ಟೇ. ಅಗ್ಗದ ಬಲ್ಬಿನ ಆ ಬಿಳಿಯಲ್ಲಿ ಗಾಢ ಕೆಂಪಿನ ಪಾಲು ಬಹಳ ಕಡಿಮೆ. ಡಬ್ಬಿಯ ಮೇಲೆ ಬಣ್ಣ ತೋರುವ ಯೋಗ್ಯತೆಗೆ 80 ಅಂಕ ಎಂದು ಬರೆದಿರುತ್ತಾರಲ್ಲ, ಆ ಅಂಕ ಎಂಟು ತಿಳಿಬಣ್ಣಗಳ ಸರಾಸರಿ. ಗಾಢ ಕೆಂಪನ್ನು ಆ ಎಂಟರ ಪಂಕ್ತಿಯಲ್ಲಿ ಕೂಡಿಸಿಯೇ ಇಲ್ಲ. ಅದಕ್ಕೆ ಪ್ರತ್ಯೇಕ ಪರೀಕ್ಷೆಯುಂಟು, ಅದರಲ್ಲಿ 80ರ ಬಲ್ಬುಗಳು ಸೊನ್ನೆಯ ಆಸುಪಾಸು ಬರುವುದೂ ಉಂಟು. ಇಡೀ ಜಿಲ್ಲೆಯೇ ಕೆಂಪಾಗಿರುವ ಕಡೆ ಈ ಅಂಕಪಟ್ಟಿ ತಂದು ನೇತುಹಾಕಿದ್ದಾರೆ!

ಈ ಸಂಗತಿಯನ್ನು ಯಾವ ಪಿಎಚ್‌.ಡಿ.ಯೂ ಇಲ್ಲದೆ ಬಲ್ಲವರು ನಮ್ಮ ಕಡೆಯ ಹೆಣ್ಣುಮಕ್ಕಳು. ಇಳಕಲ್ಲಿನ ಯಾವ ಸೀರೆ ಅಂಗಡಿಯಲ್ಲಾದರೂ ಕೂತು ನೋಡಿ. ಗಾದಿಯ ಮೇಲೆ ಸೀರೆಗಳ ರಾಶಿ. ಗೋಮಿ ದಡಿ, ಗಾಯತ್ರಿ ದಡಿ, ಚಿಕ್ಕಿ ಪರಾಸು. ಅಂಗಡಿಯವನು ಒಂದೊಂದೇ ಬಿಡಿಸಿ ಟೋಪ್‌ತೆನಿ ಸೆರಗು ಕಾಣುವ ಹಾಗೆ ಹಾಸುತ್ತಾನೆ, ತಲೆಯ ಮೇಲೆ ಹತ್ತು ಎಲ್‌ಇಡಿ ಉರಿಯುತ್ತಿವೆ. ಹೆಣ್ಣುಮಗಳು ಹೊಟ್ಟೆ ತುಂಬ ನೋಡಿ, ಒಂದನ್ನು ಆರಿಸಿ, ಎದ್ದು, ಏನೂ ಹೇಳದೆ ಸೀರೆಯನ್ನು ಹಿಡಿದುಕೊಂಡು ಅಂಗಡಿಯ ಹೊರಗೆ ನಡೆಯುತ್ತಾಳೆ. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತುತ್ತಾಳೆ, ವಾರೆ ಮಾಡುತ್ತಾಳೆ, ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗವನ್ನು ಹೆಬ್ಬೆರಳಲ್ಲಿ ಸವರುತ್ತಾಳೆ. ರೇಷ್ಮೆಯೋ, ಚಮಕಾ ಎಂಬ ಕೃತಕ ರೇಷ್ಮೆಯೋ ಎಂಬುದೂ ಆ ವಾರೆಯಲ್ಲೇ ಇತ್ಯರ್ಥ. ರೇಷ್ಮೆಯ ಎಳೆ ಮೂರು ಮೂಲೆಯದು, ಒಳಗೆ ಕೆಲವೇ ನ್ಯಾನೋಮೀಟರಿನ ಪ್ರೋಟೀನು ಸ್ಫಟಿಕಗಳಿವೆ, ಅದರ ಹೊಳಪು ಮೃದು. "ಒಳಗ ದಾಳಿಂಬಿ ಅಂದ್ರಿ, ಹೊರಗ ಇಟ್ಟಂಗಿ ಆತಲ್ರಿ" ಎಂದು ಅವಳು ತಿರುಗಿ ಕೇಳಿದಾಗ ಅಂಗಡಿಯವನು ಹಲ್ಲು ಕಿರಿದು ಇನ್ನೊಂದು ಸೀರೆ ಬಿಚ್ಚುತ್ತಾನೆ. ಸಂರಚನೆ ಮತ್ತು ದ್ಯುತಿಗುಣಗಳ ಇಷ್ಟು ಕಟ್ಟುನಿಟ್ಟಿನ ಪರೀಕ್ಷೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅಳಿಯನ ಮೌಖಿಕ ಪರೀಕ್ಷೆಗೂ ಹೋಗಿದ್ದೆ, ಅಲ್ಲಿ ಇದರ ಅರ್ಧ ಕಠಿಣತೆಯೂ ಇರಲಿಲ್ಲ, ಕೊನೆಗೆ ಉಪ್ಪಿಟ್ಟು ಬೇರೆ ಕೊಟ್ಟರು.

ಆದ್ದರಿಂದ ತಾವು ಮದುವೆ ಸೀರೆಗೆಂದು ಇಳಕಲ್ಲಿಗೆ ಬರುವುದಾದರೆ ಬೆಳಿಗ್ಗೆಯೇ ಬನ್ನಿ. ಮಧ್ಯಾಹ್ನದ ಊಟ ಮುಗಿಸಿ, ಒಂದು ನಿದ್ದೆ ತೆಗೆದು, ದೀಪ ಹಚ್ಚುವ ಹೊತ್ತಿಗೆ ಬಂದು ಕೆಂಪು ಆರಿಸಿದರೆ ಜವಾಬ್ದಾರಿ ನಿಮ್ಮದು. ಒಬ್ಬರೇ ಬರಬೇಡಿ, ಮನೆಯ ಹಿರಿಯ ಹೆಂಗಸೊಬ್ಬರನ್ನು ಕರೆದುಕೊಂಡು ಬನ್ನಿ. ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂಡಬಹುದು. ಕಟ್ಟೆ ಕೆಂಪು ಗ್ರಾನೈಟಿನದೇ ಇರುತ್ತದೆ. ಪಾಲಿಶ್ ಆದ ಕಲ್ಲು, ಅಂಗಿಗೆ ಬಣ್ಣ ಹತ್ತುವುದಿಲ್ಲ.